ವರ್ನಾ ಹ್ಲಾವಾಟಿ ಬರೆದ ಒಂದು ಸಾಲು

ವರ್ನಾ ಹ್ಲಾವಾಟಿ ಜನ್ಮದಲ್ಲಿ ಕಥೆ ಬರೆದವಳಲ್ಲ, ಪದ್ಯ ಬರೆದವಳಲ್ಲ. ಆದರೂ ಆಕೆ ಬರೆದ ಒಂದು ಸಾಲು ಎಷ್ಟು ಊರುಗಳ ಎಷ್ಟು ಕಟ್ಟಡಗಳಲ್ಲಿ ಈಗಲೂ ಕೆಲಸ ಮಾಡುತ್ತಿದೆಯೋ ಲೆಕ್ಕ ಇಟ್ಟವರಿಲ್ಲ. ಆ ಸಾಲಿನಲ್ಲಿ ಕೊರತೆಯಿದೆ ಎಂದು ಎದ್ದು ನಿಂತು ಹೇಳಿದವಳೂ ಆಕೆಯೇ. ಹೇಳಿದ ಮೇಲೆ ಅದಕ್ಕೇ ಒಪ್ಪಿಗೆ ಕೊಟ್ಟವಳೂ ಆಕೆಯೇ. ಇದನ್ನು ಕೇಳಿ ನಗುವವರು ಪೂರ್ತಿ ಕೇಳಿ ನಗಲಿ.

ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸಿನ ಚೆಕ್ ವಲಸಿಗರ ಕೇರಿಯಲ್ಲಿ ಹುಟ್ಟಿದ ಹೆಣ್ಣು. ಅಪ್ಪ ಹಂದಿಮಾಂಸದ ಕಾರ್ಖಾನೆಯಲ್ಲಿ ಕತ್ತಿ ಹಿಡಿದು ನಿಂತವನು. ಹದಿನೆಂಟಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದ ವರ್ನಾ ಮೊದಲು ಕರೆ ಜೋಡಿಸುವುದನ್ನು ಕಲಿತಳು, ಆಮೇಲೆ ತಂತಿ ರಿಪೇರಿ, ಆಮೇಲೆ ಕಂಪ್ಯೂಟರ್. ಕಾಲೇಜಿನ ಮೆಟ್ಟಿಲು ಹತ್ತಿದ್ದು ನಲವತ್ತು ದಾಟಿದ ಮೇಲೆ. ಮದುವೆಯಾಗಲಿಲ್ಲ. ಅಕ್ಕ ಲಿಬೂಷೆ ವಿಧವೆಯಾಗಿ ಬಂದು ಜೊತೆಗಿದ್ದಳು. "ನಮ್ಮ ವರ್ನಾ ತಂತಿಗೆ ಜ್ವರ ಬಂದಿದೆಯಾ ಅಂತ ನೋಡೋ ಡಾಕ್ಟರು" ಎಂದು ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುವುದು ಆ ಅಕ್ಕನ ಅಭ್ಯಾಸ.

ಅಕ್ಕನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ದೂರದ ಊರಿನ ಕಂಪ್ಯೂಟರ್ ಜಾಲ ಕೆಟ್ಟರೆ ಮೊದಲೆಲ್ಲ ಕಾರು ಹತ್ತಿ ಅಲ್ಲಿಗೇ ಹೋಗಬೇಕಿತ್ತು. ಆಮೇಲೆ ಆ ಜಾಲದಲ್ಲೇ ಒಂದು ಪೆಟ್ಟಿಗೆ ಕೂರಿಸಿ, ಜಾಲದಲ್ಲಿ ಎಷ್ಟು ಸಂದೇಶ ಓಡಾಡುತ್ತಿದೆ ಎಂದು ಅದು ಎಣಿಸಿದ್ದನ್ನು ಕೂತಲ್ಲೇ ನೋಡುವ ಉಪಾಯ ಬಂತು. ಆದರೆ ಒಂದೊಂದು ಕಂಪನಿಯ ಪೆಟ್ಟಿಗೆ ಒಂದೊಂದು ಭಾಷೆ ಆಡುತ್ತಿತ್ತು. ಎಲ್ಲಕ್ಕೂ ಒಂದೇ ನಿಯಮ ಬರೆಯಲು ಒಂದು ಗುಂಪು ಸೇರಿತು. ವರ್ಷಕ್ಕೆ ಮೂರು ಸಲ ಯಾವುದಾದರೂ ಹೋಟೆಲಿನ ಸಭಾಂಗಣದಲ್ಲಿ ಕೂತು ಅಳೆದೂ ಸುರಿದೂ ಪದಪದಕ್ಕೆ ಜಗಳ ಆಡುತ್ತಿದ್ದರು. ಕರಡು ಬರೆಯುವ ಕೆಲಸ ವರ್ನಾಳದು.

ಆ ಗುಂಪಿನಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಅಧ್ಯಕ್ಷರು "ಇದು ಬೇಕು ಅನ್ನೋರು" ಎಂದಾಗ ಬೇಕೆನ್ನುವವರು ಬಾಯಿ ಮುಚ್ಚಿಕೊಂಡೇ ಹೂಂಗುಟ್ಟಬೇಕು. ಬೇಡವೆನ್ನುವವರಿಗೂ ಹಾಗೆಯೇ ಒಂದು ಸರದಿ. ಯಾವ ಕಡೆಯ ಸದ್ದು ದಪ್ಪವೋ ಆ ಕಡೆ ಗೆದ್ದಂತೆ. ಯಾರು ಯಾವ ಕಡೆ ಎಂದು ಯಾರಿಗೂ ತಿಳಿಯಬಾರದು ಎಂಬ ಲೆಕ್ಕಾಚಾರ. ಹೊರಗಿನವರಿಗೆ ಹುಚ್ಚರ ಸಂತೆಯಂತೆ ಕಂಡೀತು, ಆದರೆ ಆ ಜನಕ್ಕೆ ಅದರಷ್ಟು ಪವಿತ್ರವಾದದ್ದು ಬೇರೆ ಇಲ್ಲ.

೧೯೯೧ರಲ್ಲಿ ಎಚ್ಚರಿಕೆಯ ನಿಯಮ ಚರ್ಚೆಗೆ ಬಂತು. ಹಳೆಯ ಪೆಟ್ಟಿಗೆಗಳು ಜಾಲದ ಮೇಲೆ ಭಾರ ಜಾಸ್ತಿಯಾದರೆ ಬಿಡದೆ ಅರಚುತ್ತಿದ್ದವು. ಕಾಟ ತಾಳಲಾರದೆ ನೋಡಿಕೊಳ್ಳುವವರು ಎಚ್ಚರಿಕೆಯನ್ನೇ ಆರಿಸಿಬಿಡುತ್ತಿದ್ದರು. ಅದಕ್ಕೆ ವರ್ನಾ ಬರೆದಳು: ಅಳತೆಯು ಮಿತಿಯ ಕೆಳಗಿನಿಂದ ಮೇಲಕ್ಕೆ ದಾಟಿದಾಗ ಮಾತ್ರ, ಒಂದೇ ಸಲ, ಎಚ್ಚರಿಕೆ ಕೊಡತಕ್ಕದ್ದು. ಎಲ್ಲರಿಗೂ ಹಿಡಿಸಿತು. ಮೇನ್ ರಾಜ್ಯದ ಸಣ್ಣ ಕಾಲೇಜೊಂದರ ಜಾಲ ನೋಡಿಕೊಳ್ಳುತ್ತಿದ್ದ ಎಲ್‌ವುಡ್ ಟಿಬೆಟ್ಸ್ ಎಂಬ ಸಣಕಲು ಮನುಷ್ಯ ಮಾತ್ರ ಮೈಕಿನ ಮುಂದೆ ಬಂದ.

"ಪೆಟ್ಟಿಗೆ ನೋಡೋಕೆ ಶುರು ಮಾಡೋ ಹೊತ್ತಿಗೇ ಅಳತೆ ಮಿತಿ ಮೀರಿ ಕೂತಿದ್ರೆ? ಅದು ಕೆಳಗಿಂದ ಮೇಲೆ ಹತ್ತಿದ್ದನ್ನ ಪೆಟ್ಟಿಗೆ ನೋಡೇ ಇರಲ್ಲ. ಕೂಗೋದು ಹೇಗೆ?"

"ಅಷ್ಟೊತ್ತಿಗೆ ದೂರು ಹೇಳೋರ ಕಾಟಕ್ಕೆ ನಿಮ್ಮ ಫೋನು ಹೊಡ್ಕೊಂಡು ಹೊಡ್ಕೊಂಡು ಸುಸ್ತಾಗಿರುತ್ತೆ ಎಲ್‌ವುಡ್," ಎಂದಳು ವರ್ನಾ. "ಪೆಟ್ಟಿಗೆ ಬೇರೆ ಹೇಳ್ಬೇಕಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಹೂಂಗುಟ್ಟಿಸಿದಾಗ ಸಾಲು ಹಾಗೇ ಉಳಿಯಿತು. ಎಲ್‌ವುಡ್ ಕಾಗದ ಮಡಚಿಕೊಂಡು ಹೋಗಿ ಕೂತ. ಅವತ್ತಿನ ನಡಾವಳಿ ಬರೆದವಳೂ ವರ್ನಾ. "ಒಂದು ಆಕ್ಷೇಪ ಬಂತು, ಚರ್ಚಿಸಿ ಕೈಬಿಡಲಾಯಿತು" ಎಂದು ಬರೆದಳು, ಆಕ್ಷೇಪಿಸಿದವನ ಹೆಸರು ಹಾಕಲಿಲ್ಲ. ಬುದ್ಧಿವಂತರಿಗೆ ಬರುವ ಸೊಕ್ಕು ಇಂಥ ಸಣ್ಣ ಕಡೆಯೇ ಕಾಣುವುದು.

ನಾಲ್ಕು ವರ್ಷದ ಮೇಲೆ, ಫೆಬ್ರವರಿಯ ಒಂದು ಬೆಳಿಗ್ಗೆ ಎಲ್‌ವುಡ್ ಫೋನ್ ಮಾಡಿದ. ಅವನೀಗ ಕಾಲೇಜು ಬಿಟ್ಟು ಮಿನೆಸೋಟಾದ ಉತ್ತರದಲ್ಲಿ ಒಂದು ಜಿಲ್ಲಾ ಆಸ್ಪತ್ರೆಯ ಜಾಲ ನೋಡಿಕೊಳ್ಳುತ್ತಿದ್ದ. ಒಂದು ಭಾನುವಾರ ಅಲ್ಲಿ ಕರೆಂಟು ಹೋಗಿ ಬಂದಿತ್ತು. ಬಂದ ಕೂಡಲೇ ಯಾವುದೋ ಕೆಟ್ಟ ಯಂತ್ರ ಜಾಲದ ತುಂಬ ಕಸ ಕಕ್ಕಲು ಶುರುಮಾಡಿತು. ಕಾವಲಿನ ಪೆಟ್ಟಿಗೆ ಎದ್ದು ಕಣ್ಣು ಬಿಡುವಷ್ಟರಲ್ಲಿ ಭಾರ ಆಗಲೇ ಮಿತಿ ಮೀರಿತ್ತು. ಕೆಳಗಿನಿಂದ ಮೇಲಕ್ಕೆ ದಾಟಿದ್ದನ್ನು ಅದು ಕಾಣಲಿಲ್ಲ, ಆದ್ದರಿಂದ ಕೂಗಲಿಲ್ಲ. ಪ್ರಯೋಗಾಲಯದವರು ರಕ್ತಪರೀಕ್ಷೆಯ ವರದಿ ಕಳಿಸಿಯಾಯಿತು ಎಂದುಕೊಂಡರು, ವಾರ್ಡಿನವರು ವರದಿ ಇನ್ನೂ ತಯಾರಾಗಿಲ್ಲ ಎಂದುಕೊಂಡರು. ಐದು ಗಂಟೆ ಹಾಗೇ ಕಳೆಯಿತು. ವರದಿಗಾಗಿ ಕಾದ ಒಬ್ಬ ಹೆಂಗಸಿನ ಎರಡೂ ಮೂತ್ರಪಿಂಡ ಕೈಕೊಟ್ಟವು.

"ಫೋನು?" ಎಂದಳು ವರ್ನಾ.

"ಒಂದು ಸಲವೂ ಹೊಡ್ಕೊಳ್ಳಲಿಲ್ಲ. ಪೆಟ್ಟಿಗೆ ಕೆಟ್ಟಿರಲಿಲ್ಲ ವರ್ನಾ. ನೀವು ಬರೆದ ಹಾಗೇ ನಡ್ಕೊಂಡಿದೆ."

ಪೆಟ್ಟಿಗೆ ಮಾಡಿದವರು ಬಂದು ಪರೀಕ್ಷಿಸಿ, ಎಲ್ಲ ನಿಯಮದ ಪ್ರಕಾರವೇ ಇದೆ ಎಂದು ಬರೆದುಕೊಟ್ಟಿದ್ದರು. ಹಾಗಾದರೆ ಎಚ್ಚರಿಕೆಯನ್ನು ಎಲ್‌ವುಡ್ಡೇ ಆರಿಸಿಟ್ಟಿದ್ದಾನೆ ಎಂಬ ತೀರ್ಮಾನಕ್ಕೆ ಆಸ್ಪತ್ರೆಯ ವಿಚಾರಣಾ ಸಮಿತಿ ಬಂದು ನಿಂತಿತ್ತು. ಕೊನೆಯ ವಿಚಾರಣೆ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅವನು ಮನೆಯಲ್ಲಿ ಕೂತಿರಬೇಕು.

"ನನ್ನ ಪರ ಸುಳ್ಳು ಹೇಳಿ ಅಂತಿಲ್ಲ," ಎಂದ ಎಲ್‌ವುಡ್. "ಆ ನಿಯಮದಲ್ಲಿ ಇಂಥಾ ಹೊತ್ತಿಗೆ ಏನ್ ಮಾಡ್ಬೇಕು ಅಂತ ಬರೆದೇ ಇಲ್ಲ ಅಂತ, ಬರೆದೋರೇ ಬಂದು ಹೇಳಿದ್ರೆ ಸಾಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ವರ್ನಾಗೆಂದು ಮಾಡಿಟ್ಟ ಗಸಗಸೆಯ ಕೊಲಾಚೆ ಬನ್ನುಗಳು ಎರಡು ದಿನ ಡಬ್ಬಿಯಲ್ಲೇ ಗಟ್ಟಿಯಾದವು.

ಮಾರ್ಚ್‌ನಲ್ಲಿ ಗುಂಪು ಮಿನಿಯಾಪೊಲಿಸ್‌ನಲ್ಲಿ ಸೇರಿತು. ಒಂದು ಕರಡು ಪೂರ್ತಿ ಮಾನದಂಡ ಎನಿಸಿಕೊಳ್ಳಲು ಮೂರು ಮೆಟ್ಟಿಲು ಹತ್ತಬೇಕು. ವರ್ನಾಳ ಕರಡು ಎರಡು ಹತ್ತಿ ಮೂರನೆಯದಕ್ಕೆ ಕಾಲೆತ್ತಿತ್ತು. ಈಗ ಒಳಗಿನ ತಿರುಳು ಬದಲಿಸಿದರೆ ಮತ್ತೆ ಮೊದಲನೆಯ ಮೆಟ್ಟಿಲು, ಮತ್ತೆ ಮೂರ್ನಾಲ್ಕು ವರ್ಷ. ಆ ಕರಡನ್ನು ನಂಬಿ ಆಗಲೇ ಇಪ್ಪತ್ತು ಕಂಪನಿಗಳು ಪೆಟ್ಟಿಗೆ ಮಾಡಿ ಮಾರುತ್ತಿದ್ದವು. ಅಷ್ಟೆಲ್ಲ ಗೊತ್ತಿದ್ದೇ ವರ್ನಾ ಮೈಕಿನ ಮುಂದೆ ನಿಂತು, ಎಲ್ಲರಂತೆ ಮೊದಲು ತನ್ನ ಹೆಸರು ಹೇಳಿ, ಆಸ್ಪತ್ರೆಯ ಕಥೆ ಹೇಳಿದಳು. ಪೆಟ್ಟಿಗೆ ಎದ್ದ ಕೂಡಲೇ ಅಳತೆ ಮಿತಿ ಮೀರಿದ್ದರೆ ಆಗಲೂ ಕೂಗಬೇಕು ಎಂಬ ಇನ್ನೊಂದು ಸಾಲು ಸೇರಿಸಿ ಎಂದಳು.

ಹಿಂದಿನ ಸಾಲಿನಿಂದ ಯಾರೋ ಅಂದರು: "ಅಷ್ಟೊತ್ತಿಗೆ ಫೋನು ಹೊಡ್ಕೊಂಡಿರುತ್ತೆ ಬಿಡಿ."

ಅವಳ ಚಟಾಕಿ ಇಷ್ಟರಲ್ಲಿ ಆ ಕಸುಬಿನವರ ಗಾದೆಯೇ ಆಗಿಹೋಗಿತ್ತು. ಹೇಳಿದವನಿಗೆ ಅದು ಯಾರ ಮಾತೆಂದೂ ಗೊತ್ತಿರಲಾರದು. ನಾಲ್ಕಾರು ಜನ ನಕ್ಕರು.

ಅಧ್ಯಕ್ಷ ಡೆಸ್ಮಂಡ್ ಯೀ ವ್ಯಾಂಕೂವರಿನವನು, ಕೆಟ್ಟವನಲ್ಲ. ಎರಡು ಸಲ ಹೂಂಗುಟ್ಟಿಸಿದ. ಬದಲಾವಣೆ ಬೇಕೆನ್ನುವವರ ಸದ್ದು ಜೇನ್ನೊಣದಷ್ಟು. ಬೇಡವೆನ್ನುವವರದು ಕುರ್ಚಿಯೆಲ್ಲ ನಡುಗುವಷ್ಟು. ಮುಂದೆ ಯಾವಾಗಲಾದರೂ ಬೇರೆ ದಾಖಲೆಯಲ್ಲಿ ನೋಡೋಣ ಎಂದಾಯಿತು.

ಏಪ್ರಿಲ್‌ನಲ್ಲಿ ಅಚ್ಚಿನ ಪ್ರತಿ ಬಂತು. ಬರೆದವರು ಎರಡು ದಿನದೊಳಗೆ 'ಒಪ್ಪಿದೆ' ಎಂದು ತಿಳಿಸದೆ ಪ್ರಕಟಿಸುವಂತಿಲ್ಲ. ಇದೊಂದು ಬೀಗದ ಕೈ ತನ್ನ ಕೈಯಲ್ಲಿ ಉಳಿದಿದೆ ಎಂದು ವರ್ನಾಗೆ ಜೀವ ಬಂದಂತಾಯಿತು. ಒಪ್ಪುವುದಿಲ್ಲ ಎಂದು ಬರೆದಳು. ಮಧ್ಯಾಹ್ನವೇ ಡೆಸ್ಮಂಡ್ ಫೋನ್ ಮಾಡಿದ.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ವರ್ನಾ. ಆದ್ರೆ ಗುಂಪು ತೀರ್ಮಾನ ಮಾಡಿಯಾಗಿದೆ. ನೀವು ಒಪ್ಪದಿದ್ರೆ ನಿಮ್ಮ ಹೆಸರು ತೆಗೆದು ನನ್ನ ಹೆಸರು ಹಾಕಿ ಕಳಿಸ್ಬೇಕಾಗುತ್ತೆ."

ತೆಗೆದುಹಾಕಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟು, ಎಲ್‌ವುಡ್‌ನ ವಕೀಲೆಗೆ ಕರೆ ಮಾಡಿದಳು. ವಕೀಲೆ ಮುಲಾಜಿಲ್ಲದ ಹೆಂಗಸು.

"ಹೊಸ ಮಾನದಂಡ ಬಂದ ದಿನವೇ ಹಳೇ ಕರಡು ರದ್ದು ತಾನೇ? ಹೊಸದರಲ್ಲೂ ಅದೇ ಸಾಲು, ಮೇಲೆ ಬೇರೆಯವರ ಹೆಸರು. ಆಗ ನೀವ್ಯಾರು? ಗುಂಪಿನ ಜೊತೆ ಜಗಳ ಆಡಿ ಹೊರಗೆ ಬಿದ್ದೋರು. ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ. ನಿಮ್ಮ ಹೆಸರು ಇದ್ರೆ ಮಾತ್ರ ಬನ್ನಿ."

ಅವತ್ತು ಸಂಜೆ ಅಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು. ವರ್ನಾ ಎದುರು ಕೂತು ಎಲ್ಲ ಹೇಳಿದಳು.

"ಒಪ್ಪದ ಕಾಗದಕ್ಕೆ ಒಪ್ಪಿದೆ ಅಂತ ಬರೀಬೇಕಾ?" ಎಂದಳು ಲಿಬೂಷೆ.

"ಬರೆದ್ರೆ ಒಬ್ಬ ಮನುಷ್ಯನ ಕೆಲಸ ಉಳಿಯುತ್ತೆ. ಮಾನಾನೂ."

"ಬರೀದಿದ್ರೆ?"

"ಆ ಸಾಲಂತೂ ಬೇರೆಯವರ ಹೆಸರಲ್ಲಿ ಅಚ್ಚಾಗೇ ಆಗುತ್ತೆ. ನನ್ನ ಮನಸ್ಸಿಗೆ ಒಂದು ಸಮಾಧಾನ ಇರುತ್ತೆ, ಅಷ್ಟೇ."

"ನಿನ್ನ ಮನಸ್ಸಿನ ಮಾತು ಬಿಡು ಮಾರಾಯ್ತಿ. ನಾನು ಕಂಡಾಗಿನಿಂದ ಅದು ಒಂದು ದಿನ ಸಮಾಧಾನವಾಗಿ ಇದ್ದಿಲ್ಲ."

ಮರುದಿನ ವರ್ನಾ 'ಒಪ್ಪಿದೆ' ಎಂಬ ಒಂದೇ ಪದ ಕಳಿಸಿದಳು. ಮೂರು ವಾರದಲ್ಲಿ ಕರಡು ಪೂರ್ತಿ ಮಾನದಂಡವಾಯಿತು. ವರ್ನಾ ಕೆಲಸ ಮಾಡುವ ಕಂಪನಿಯಲ್ಲಿ ಕೇಕ್ ಕತ್ತರಿಸಿದರು. ಆಕೆ ಒಂದು ತುಂಡು ತಿಂದು, ವಿಚಾರಣೆಗೆ ಹೋಗಲು ರಜೆ ಬರೆದುಕೊಟ್ಟಳು.

ಮೇ ತಿಂಗಳಲ್ಲಿ ಆಸ್ಪತ್ರೆಯ ಸಮಿತಿಯ ಮುಂದೆ ಕೂತಳು. ಅಧ್ಯಕ್ಷೆ ಮಿಸೆಸ್ ಆಸ್ಲೆಸನ್ ಎಂಬ ಬೆಳ್ಳಗಿನ ಕೂದಲಿನ ಮುದುಕಿ, ಒಂದೊಂದು ಕಾಗದವನ್ನೂ ಎರಡೆರಡು ಸಲ ಓದುವವಳು. ವರ್ನಾ ೧೯೯೧ರ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಆಕ್ಷೇಪ ಎತ್ತಿದವನು ಈ ಮನುಷ್ಯನೇ, ನಗೆ ಹುಟ್ಟಿಸಿ ಬಾಯಿ ಮುಚ್ಚಿಸಿದವಳು ನಾನೇ ಎಂದಳು.

"ಸಾಲಲ್ಲಿ ಕೊರತೆ ಇದೆ ಅಂತ ಮಾರ್ಚ್‌ನಲ್ಲಿ ನೀವೇ ಹೇಳಿದ್ದೀರಿ. ಏಪ್ರಿಲ್‌ನಲ್ಲಿ ಅದಕ್ಕೇ ಒಪ್ಪಿಗೆ ಕೊಟ್ಟಿದ್ದೀರಿ," ಎಂದಳು ಮಿಸೆಸ್ ಆಸ್ಲೆಸನ್. "ಯಾಕೆ?"

"ಕೊಡದಿದ್ರೆ ಇವತ್ತು ನೀವು ನನ್ನನ್ನ ಈ ಕುರ್ಚಿ ಮೇಲೆ ಕೂರಿಸ್ತಿರಲಿಲ್ಲ."

ಅಧ್ಯಕ್ಷೆ ಬಹಳ ಹೊತ್ತು ಏನೋ ಬರೆದುಕೊಂಡಳು. ಎಲ್‌ವುಡ್ ಮೇಲಿನ ಆರೋಪ ಬಿದ್ದುಹೋಯಿತು, ಸೋಮವಾರದಿಂದ ಕೆಲಸಕ್ಕೆ ಬರಬಹುದು ಎಂದಾಯಿತು.

ಕಾರು ನಿಲ್ಲಿಸುವ ಜಾಗದವರೆಗೂ ಇಬ್ಬರೂ ಜೊತೆಗೆ ನಡೆದರು.

"ನೀವು ಒಪ್ಪಿಗೆ ಕೊಟ್ಟಿದ್ದು ನನಗೆ ಗೊತ್ತಿರಲಿಲ್ಲ," ಎಂದ ಎಲ್‌ವುಡ್.

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ." ಅವನು ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತ. "ಆ ಹೆಂಗಸು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಬರ್ತಾಳೆ. ನನ್ನ ಮೇಜಿನ ಮುಂದೇನೇ ಹಾದು ಹೋಗ್ತಾಳೆ. ಇನ್ನು ಯಾವ ಊರಲ್ಲಿ ಯಾರು ಕಾಯ್ತಿದ್ದಾರೋ ವರ್ನಾ?"

ವರ್ನಾಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನೂ ಆ ಸಾಲು ಇಟ್ಟಿರಲಿಲ್ಲ. ಎಲ್‌ವುಡ್ ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಆಕೆಗೆ ಇನ್ನೂ ಕಷ್ಟವಾಗುತ್ತಿತ್ತು.