ಕಾಕಾ ಹುಡುಕಿದ ಕಾರ್ಡು

ಹೋದ ವಾರ ಹಳೆಯ ಟಿಪ್ಪಣಿ ಪುಸ್ತಕ ಕೊಡವಿದಾಗ ಅದು ಕೆಳಗೆ ಬಿತ್ತು. ಅಂಗೈ ಅಗಲದ ಹಳದಿ ಕಾರ್ಡು, ಕೆಳಗೊಂದು ತೂತು, ನೀಲಿ ಶಾಯಿಯ ದುಂಡನೆಯ ಅಕ್ಷರ. ವಿಶ್ವವಿದ್ಯಾಲಯದ ಗ್ರಂಥಾಲಯದ ಕಾಕಾ ಕಣ್ಣೆದುರು ಬಂದರು...

ಕಾಕಾ ಹುಕ್ಕೇರಿ ಕಡೆಯವರು. ಅವರ ಊರು ಹಿಡಕಲ್ ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು. ಸಂಶೋಧನಾ ಪತ್ರಿಕೆಗಳ ವಿಭಾಗ ಅವರದು. ಪತ್ರಿಕೆಯ ಹೆಸರಿಗೊಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಅವರು ನಮ್ಮ ಸೀಮೆಯ ಬಗ್ಗೆ ಇರುವ ಪ್ರತಿ ಲೇಖನಕ್ಕೂ ಬೇರೆ ಕಾರ್ಡು ಬರೆದು ಡ್ರಾಯರಿನ ಸರಳಿಗೆ ಪೋಣಿಸುತ್ತಿದ್ದರು.

“ಪುಸ್ತಕ ಕಪಾಟಿನಾಗ ಇದ್ರ ಏನ್ ಬಂತು ತಮ್ಮಾ? ಕಾರ್ಡ್ ಇಲ್ಲಂದ್ರ ಅದು ಇದ್ದೂ ಇಲ್ಲದಂಗ,” ಎನ್ನುತ್ತಿದ್ದರು.

ಮುಳುಗಿದ ಊರುಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಮೂಡಲಗಿಯ ಗೆಳೆಯನೂ ಅದೇ ವಿಷಯ ಹಿಡಿದಿದ್ದ. ಕಾಕಾನ ಊರಿನ ಬಗ್ಗೆ ಇದ್ದದ್ದು ಒಂದೇ ಲೇಖನ. ಅದು ಅವನಿಗೆ ಸಿಗಬಾರದೆಂದು ಸರಳು ಎಳೆದು ಕಾರ್ಡನ್ನು ಈ ಪುಸ್ತಕದೊಳಗೆ ಸೇರಿಸಿದೆ. ಎಂಟು ದಿನ ಬಿಟ್ಟು ತಿರುಗಿ ಇಟ್ಟರಾಯಿತು ಎಂದುಕೊಂಡೆ. ಹೊಟ್ಟೆಕಿಚ್ಚು, ಮತ್ತೇನಲ್ಲ.

ಮೂರನೇ ದಿನ ಹೋದರೆ ಕಾಕಾ ಡ್ರಾಯರುಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡಿದ್ದರು.

“ನಮ್ಮೂರಿನ ಕಾರ್ಡ್ ಸಿಗವಲ್ದು ತಮ್ಮಾ... ಕಣ್ಣು ಮಂದ ಆಗ್ಯಾವ, ಎಲ್ಲಿ ಸಿಗಿಸೇನೋ ಏನೋ.”

“ಬ್ಯಾರೆ ಬರೀರಲ್ಲ ಕಾಕಾ,” ಎಂದೆ.

“ಯಾವ ಪತ್ರಿಕೆ, ಯಾವ ಸಂಪುಟ... ನೆನಪು ಆಗಬೇಕಲ್ಲೋ.”

ನನಗೆ ನೆನಪಿತ್ತು. ಪಕ್ಕದಲ್ಲಿ ಕೂತು ಹುಡುಕಲು ಕೈ ಹಚ್ಚಿದೆ! ಟಿಪ್ಪಣಿ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ನನ್ನ ಮುಖದಲ್ಲಿ ಅದೂ ಕಾಣಲಿಲ್ಲವೇನೋ. ಪಾಪ, ಹುಡುಗ ದಣಿದ ಎಂದು ಅವರು ನನಗೆ ಚಹಾ ತರಿಸಿದರು. ಕುಡಿದೆ. ಆಮೇಲೆ ಕಾರ್ಡನ್ನು ತಿರುಗಿ ಇಡುವ ಧೈರ್ಯವೇ ಬರಲಿಲ್ಲ.

ಕಾಕಾ ನಿವೃತ್ತರಾದರು. ಆಮೇಲೆ ಬಂದವರು ಡ್ರಾಯರಿನ ಕಾರ್ಡುಗಳನ್ನು ನೋಡಿ ನೋಡಿಯೇ ಕಂಪ್ಯೂಟರಿಗೆ ತುಂಬಿದರಂತೆ.

ಈಗ ನಾನು ಗೋಕಾಕದಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಕಾಕಾನ ಊರಿನ ಬಗ್ಗೆ ಹುಡುಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ತೋರಿಸಿದಳು. “ಸರ, ಆ ಊರಿನ ಮ್ಯಾಲೆ ಕ್ಯಾಟಲಾಗಿನ್ಯಾಗ ಏನೂ ಇಲ್ರಿ.”

ಐತಿ ಎಂದು ಕಾರ್ಡು ಕೈಗಿಟ್ಟೆ. ಹಿಂದೆ ಮುಂದೆ ತಿರುವಿ ನೋಡಿದಳು. “ಇದು ನಿಮ್ಮ ಹತ್ರ ಹೆಂಗ ಬಂತ್ರಿ?”

“ಕದ್ದಿದ್ದೆನವ್ವಾ.”

ಎಷ್ಟು ಸಲೀಸಾಗಿ ಬಂತು ಆ ಮಾತು... ಕೇಳಬೇಕಾದವರು ಈಗ ಇಲ್ಲ. ಕಡೆಯ ತನಕ ಅವರು ತಮ್ಮ ಕಣ್ಣನ್ನೇ ಬೈದುಕೊಂಡರು.