ಎಡಗಣ್ಣಿಗೆ ಮಾಸಿದ ಕೆಂಪು

ಹೋದ ವರ್ಷ ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಬರಲು ಶುರುವಾಗಿದ್ದ ದಿನಗಳು. ಮನೆಯಲ್ಲಿ ಖಾರದಪುಡಿ ಮಾಡಿ ಮಾರುವುದು ನನ್ನ ಉದ್ಯೋಗ. ನನ್ನ ಗಂಡ ತಂದ ಚೀಲ ಬಿಚ್ಚಿ ನೋಡಿದವಳಿಗೆ ಸಿಟ್ಟು ನೆತ್ತಿಗೇರಿತು.

“ಇದೇನ್ರಿ, ಬಣ್ಣಗೆಟ್ಟ ಕಾಯಿ ತಂದೀರಿ? ಕಣ್ಣು ಮುಚ್ಚಿಕೊಂಡು ತಂದ್ರೇನು?”

“ನೀ ಮೊದಲ ಕಣ್ಣು ತೊಳಕೊಂಡು ಬಾ. ಕೆಂಪಗ ಹೊಳ್ಯಾಕತ್ತೈತಿ,” ಅಂದರು ಅವರು.

ಮಾತಿನಲ್ಲಿ ಸೋಲುವವಳಲ್ಲ ನಾನು. ಒಂದು ಕಾಯಿ ಹಿಡಿದು ಬಿಸಿಲಿಗೆ ಹೋದೆ. ಎರಡು ದಿನದಿಂದ ಎಡಗಣ್ಣು ಹೊರಳಿಸಿದರೆ ನೋಯುತ್ತಿತ್ತು. ಆ ಕಣ್ಣು ಮುಚ್ಚಿ ನೋಡಿದೆ, ಕಾಯಿ ಕೆಂಪಗೇ ಇತ್ತು. ಬಲಗಣ್ಣು ಮುಚ್ಚಿದೆ. ಅದೇ ಕಾಯಿ ಒಗೆದು ಒಗೆದು ಮಾಸಿದ ಸೀರೆಯ ಹಾಗೆ ಕಂಡಿತು. ಕಾಯಿ ಅಲ್ಲೇ ಬಿಟ್ಟು ಗಂಡನನ್ನು ಕೂಗಿದೆ.

ಹಾವೇರಿಯ ಕಣ್ಣಿನ ಡಾಕ್ಟರು ಕಣ್ಣಿನ ನರಕ್ಕೆ ಬಾವು ಬಂದಿದೆ ಅಂದವರೇ ತಲೆಯ ಎಂಆರ್‌ಐ ಮಾಡಿಸಲು ರಾಣೇಬೆನ್ನೂರಿಗೆ ಕಳಿಸಿದರು. ಸ್ಕ್ಯಾನ್ ಮುಗಿದ ಮೇಲೆ ನಮ್ಮವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೆದುಳಿನ ತುಂಬ ಅಲ್ಲಲ್ಲಿ ಬಿಳಿ ಕಲೆ. ಗಡ್ಡೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ, ಅವರು ಫಿಲ್ಮನ್ನು ಲಗುಬಗೆಯಿಂದ ಕವರಿನೊಳಗೆ ತುರುಕಿದರು.

ನರರೋಗದ ಡಾಕ್ಟರಮ್ಮ ಫಿಲ್ಮ್ ನೋಡಿ, “ಗಡ್ಡಿ ಅಲ್ಲ, ಹೆದರಬ್ಯಾಡ್ರಿ,” ಅಂದರು. ಉಸಿರು ಬಂತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. “ಸ್ಕ್ಯಾನ್ ಮಾಡುವಾಗ ಇಂಜೆಕ್ಷನ್ ಕೊಟ್ಟ ಮ್ಯಾಲೆ ಈ ಒಂದು ಕಲೆ ಹೊಳದೈತಿ. ಇದು ಹೊಸದು. ಉಳಿದವು ಹೊಳದಿಲ್ಲ, ಹಳೇವು. ಹಿಂದ ಯಾವಾಗರ ಕೈಕಾಲು ಜೋಮು ಹಿಡಿದಿತ್ತೇನ್ರಿ? ಉರಿ?”

“ಇಲ್ರಿ.”

“ನೆನಪು ಮಾಡಿಕೊಳ್ರಿ.”

“ಇಲ್ಲಂದೆನಲ್ರಿ!” ನನ್ನ ದನಿ ಏರಿತು. ಇಲ್ಲ ಅಂದರೆ ರೋಗವೂ ಇಲ್ಲವಾಗುತ್ತದೆ ಅನ್ನುವ ಆಸೆ.

ನಮ್ಮವರು ಮೆಲ್ಲಗೆ, “ಎರಡು ವರ್ಷದ ಹಿಂದ ಬಲಗೈ ಉರೀತೈತಿ ಅಂತಿದ್ದೆಲ್ಲ,” ಅಂದರು.

“ಅದು ಖಾರದ ಉರಿ! ನಮ್ಮೂರಾಗ ಯಾರ ಕೈ ಉರಿಯಂಗಿಲ್ಲ?”

“ಎಷ್ಟು ದಿನ ಇತ್ತು?” ಡಾಕ್ಟರಮ್ಮ ಕೇಳಿದರು.

ಖಾರದ ಉರಿ ಎಣ್ಣೆ ಹಚ್ಚಿ ಮಲಗಿದರೆ ಬೆಳಗಾಗುವುದರೊಳಗೆ ಹೋಗುತ್ತದೆ. ಅದು ತಿಂಗಳ ಮೇಲಿತ್ತು. ತೊಟ್ಟು ಮುರಿದದ್ದು ಎರಡೂ ಕೈ, ಉರಿದದ್ದು ಒಂದೇ. ಅಯ್ಯೋ ದೇವರೇ, ತಿಂಗಳಿಡೀ ಮೆಣಸಿನಕಾಯಿಗೆ ಬೈದಿದ್ದೆನಲ್ಲ!

“ಹಳೇ ಪೆಟ್ಟು, ಹೊಸ ಪೆಟ್ಟು ಎರಡೂ ಅದಾವು. ಇದು ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ನರದ ಹೊದಿಕಿಗೆ ಆಗಾಗ ಬಾವು ಬರೂ ರೋಗ,” ಅಂದರು ಅವರು. “ಪೂರ್ತಿ ವಾಸಿ ಆಗಂಗಿಲ್ಲ. ಆದ್ರ ಹೊಸ ಕಲೆ ಬೀಳೂದನ್ನ ಕಡಿಮಿ ಮಾಡಾಕ ಔಷಧ ಅದಾವು. ಲಗೂ ಬಂದೀರಿ, ಛಲೋ ಆತು.”

ಹೊರಗೆ ಬಂದು ಗಂಡನ ಹೆಗಲಿಗೆ ತಲೆ ಇಟ್ಟು ಮನಸ್ಸು ಬಂದಷ್ಟು ಅತ್ತೆ. ಆಸ್ಪತ್ರೆಯಲ್ಲಿ ಸಲೈನ್ ಜೊತೆ ಔಷಧ ಹಾಕಿದರು. ಕೆಲವು ವಾರಗಳಲ್ಲಿ ಎಡಗಣ್ಣಿಗೆ ಬಣ್ಣ ಮರಳಿತು.

ಔಷಧ ಇನ್ನೂ ನಡೆದಿದೆ, ಹೆದರಿಕೆಯೂ. ದಿನಾ ಬೆಳಿಗ್ಗೆ ಡಬ್ಬಿಯಿಂದ ಒಂದು ಮೆಣಸಿನಕಾಯಿ ತೆಗೆದು, ಒಂದು ಕಣ್ಣು ಮುಚ್ಚಿ ನೋಡುತ್ತೇನೆ, ಆಮೇಲೆ ಇನ್ನೊಂದು. ನಮ್ಮವರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. “ಎರಡರಾಗೂ ಕೆಂಪೈತ್ರಿ,” ಅಂತ ನಾನು ಅನ್ನುವವರೆಗೆ ಆ ಚಹಾ ಅವರ ಗಂಟಲಿಗೆ ಇಳಿಯುವುದಿಲ್ಲ.