ಅಪ್ಪನ ತೋರಣ ಮತ್ತು ಸೋಮಾರಿ ಬಾಣ

ಹೊಳೆನರಸೀಪುರದ ನಮ್ಮ ಅಂಗಡಿಯಲ್ಲಿ ಲಗ್ನಪತ್ರಿಕೆಯ ಅಕ್ಷರ ನನ್ನದು, ಚಿತ್ರ ಅಪ್ಪನದು. ನಾನು ಕೀಬೋರ್ಡ್ ಬಿಟ್ಟು ಮೌಸ್ ಮುಟ್ಟುವವಳಲ್ಲ. ಅಪ್ಪ ಮೌಸ್ ಬಿಟ್ಟು ಬೇರೇನನ್ನೂ ಮುಟ್ಟುವವನಲ್ಲ. ಚನ್ನರಾಯಪಟ್ಟಣದವರೆಗೂ ಅಂಗಡಿಗಳ ಬೋರ್ಡು ಬರೆದ ಕೈ ಅದು. ಪ್ರತಿ ಮದುವೆಗೂ ಹೊಸದಾಗಿ ಮಾವಿನ ತೋರಣ ಬರೆಯುತ್ತಿದ್ದ, ಒಂದರಂತೆ ಇನ್ನೊಂದಿಲ್ಲ.

ಹೋದ ವರ್ಷ ನಮ್ಮ ಹಳೇ ಕಂಪ್ಯೂಟರ್ ಕಣ್ಣು ಮುಚ್ಚಿತು. ಅಪ್ಪ ಬಳಸುವ ಡಿಸೈನ್ ಸಾಫ್ಟ್‌ವೇರ್ ಹೊಸ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಹಾಸನದ ರಿಪೇರಿಯವರು ಹಳೇ ಕಂಪ್ಯೂಟರನ್ನು ಇಡಿಯಾಗಿ ಲ್ಯಾಪ್‌ಟಾಪಿನೊಳಗೆ ಕೂರಿಸಿಕೊಟ್ಟರು. ವರ್ಚುವಲ್ ಮಷೀನ್ ಅಂತೆ, ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ತೆರೆದರೆ ಪರದೆಯ ಮೇಲೆ ಅದೇ ಹೊಳೆಯ ಫೋಟೊ, ಅದೇ ಜಾಗದಲ್ಲಿ ಅದೇ ಫೋಲ್ಡರುಗಳು. ಸತ್ತದ್ದು ಎದ್ದು ಕೂತಿತ್ತು! ನಾನು ಕೈ ಮುಗಿದೇಬಿಟ್ಟೆ.

ಆದರೆ ಅಂದಿನಿಂದ ಅಪ್ಪನ ತೋರಣ ಸೊಟ್ಟಗಾಯಿತು. ಎಲೆಯ ತುದಿ ಎಲ್ಲೋ, ತೊಟ್ಟು ಎಲ್ಲೋ. ಅರ್ಧ ಗಂಟೆಯ ಕೆಲಸಕ್ಕೆ ಇಡೀ ಬೆಳಿಗ್ಗೆ ಹಿಡಿಯುತ್ತಿತ್ತು.

"ಕೈ ಓಯ್ತು ಕಣವ್ವ," ಅಂದ ಒಂದು ದಿನ.

ಹಾಸನದಲ್ಲಿ ಡಾಕ್ಟರಿಗೆ ತೋರಿಸಿದೆ. ತೊಂದರೆ ಏನೂ ಕಾಣುವುದಿಲ್ಲ, ವಯಸ್ಸಾಯಿತಲ್ಲ ಅಂದರು. ನಾನೂ ನಂಬಿದೆ. ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಅರಕಲಗೂಡಿನಿಂದ ಬಂದ ಗಿರಾಕಿಗೆ ಅಪ್ಪನೆದುರೇ, "ಅಪ್ಪ ಈಗ ಬರಿಯಲ್ಲ ಸಾ, ರೆಡಿ ಡಿಸೈನ್ ಹಾಕ್ಕೊಡ್ತೀನಿ," ಅಂದುಬಿಟ್ಟೆ. ಅಪ್ಪ ಎದ್ದು ಮನೆಗೆ ಹೋದ. ಮಾರನೆಯ ದಿನ ಅಂಗಡಿಗೆ ಬರಲಿಲ್ಲ.

ಆ ರೆಡಿ ಡಿಸೈನಿನಲ್ಲಿ ಹೂವೊಂದನ್ನು ಪಕ್ಕಕ್ಕೆ ಸರಿಸಬೇಕಿತ್ತು. ಬೇರೆ ದಾರಿಯಿಲ್ಲದೆ ಮೌಸ್ ಹಿಡಿದೆ. ನನ್ನ ಕೈ ಸರಿಯಿತು. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತ್ತು. ಆಮೇಲೆ ಸೋಮಾರಿ ಎತ್ತಿನ ಹಾಗೆ ಹೊರಟು, ಹೂವನ್ನು ದಾಟಿ ಹೋಗಿ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಅಪ್ಪ ಒಮ್ಮೆಯೂ ನೆಲವನ್ನು ದೂರಿರಲಿಲ್ಲ.

ಹಾಸನಕ್ಕೆ ಫೋನು ಮಾಡಿದೆ. "ಅಯ್ಯೋ ಅಕ್ಕ, ಒಳಗಿನ ಕಂಪ್ಯೂಟ್ರಿಗೆ ಮೌಸು, ಡಿಸ್‌ಪ್ಲೇ ಡ್ರೈವರ್ ಹಾಕೋದ್ನೇ ಮರ್ತ್ಬುಟ್ಟಿದೀನಿ," ಅಂದರು ರಿಪೇರಿಯವರು. ಅವರು ಹೇಳಿದಂತೆ ಡ್ರೈವರ್ ಅನ್ನುವ ಆ ಪುಟ್ಟ ಸಾಫ್ಟ್‌ವೇರುಗಳನ್ನು ಹಾಕಿ, ಒಳಗಿನ ಕಂಪ್ಯೂಟರನ್ನು ಆಫ್ ಮಾಡಿ, ಅದರ ಡಿಸ್‌ಪ್ಲೇ ಮೆಮೊರಿ ಹೆಚ್ಚಿಸಿ ಮತ್ತೆ ಆನ್ ಮಾಡಿದೆ. ಬಾಣ ಕೈಗೆ ಕಟ್ಟಿದ ಹಾಗೆ ಬಂತು.

ಆಗ ಅಪ್ಪ ಈಚೆಗೆ ಬರೆದ ತೋರಣಗಳನ್ನೆಲ್ಲ ತೆಗೆದು ನೋಡಿದೆ. ಮೊದಮೊದಲಿನವು ಸೊಟ್ಟಗಿದ್ದವು, ನಿಜ. ಕೊನೆಕೊನೆಯವು ನೇರವಾಗುತ್ತಾ ಬಂದಿದ್ದವು! ತಡವಾಗಿ ಬರುವ ಬಾಣ ಎಲ್ಲಿ ನಿಲ್ಲುತ್ತದೆಂದು ಅಂದಾಜು ಮಾಡಿ, ಕೈಯನ್ನು ಮೊದಲೇ ತಡೆದು ಕಾಯುವುದನ್ನು ಅಪ್ಪ ಕಲಿತಿದ್ದ. ಎಪ್ಪತ್ತು ದಾಟಿದ ಕೈ ಅದು. ಯಂತ್ರಕ್ಕೆ ಕೈ ಮುಗಿದ ನಾನು ಪಕ್ಕದಲ್ಲೇ ಇದ್ದ ಈ ಕೈಯನ್ನು ನೋಡಿರಲೇ ಇಲ್ಲ.

ಮನೆಗೆ ಹೋಗಿ ಅಪ್ಪನನ್ನು ಕರೆತಂದೆ. "ಕೆಟ್ಟಿದ್ದು ಮಿಷಿನ್ನು ಕಣಪ್ಪ, ನಿನ್ ಕೈಯಲ್ಲ," ಅಂದೆ. ನಂಬದೆಯೇ ಮೌಸ್ ಹಿಡಿದ. ಮೊದಲ ಎಲೆ ಅರ್ಧಕ್ಕೇ ನಿಂತಿತು, ಕಾಯುವುದು ಅಭ್ಯಾಸವಾಗಿಹೋಗಿತ್ತು. ಎರಡನೆಯದು ತೊಟ್ಟಿನಿಂದ ತುದಿಗೆ ಒಂದೇ ಎಳೆತ. ಮೂರನೆಯದೂ ಹಾಗೆಯೇ. ಅಪ್ಪ ಮೌಸ್ ಬಿಟ್ಟು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡ.

"ಸುಮ್‌ಸುಮ್ನೆ ಬೈದ್ಬುಟ್ಟೆ ಕಣ್ಲಾ ನಿನ್ನ," ಅಂದ, ಆ ಕೈಗೆ.

ನಾನೂ ಅದನ್ನೇ ಹೇಳಬೇಕಿತ್ತು. ಅದರ ಬದಲು ಅರಕಲಗೂಡಿನ ಗಿರಾಕಿಗೆ ಫೋನು ಮಾಡಿ, ಅಪ್ಪನಿಗೂ ಕೇಳುವಷ್ಟು ಜೋರಾಗಿ ಹೇಳಿದೆ: "ತೋರಣ ನಮ್ಮಪ್ಪನೇ ಬರ್ಕೊಡ್ತಾರೆ ಸಾ."